ಅದೇ ಕಿಟಕಿಗೆ ಮತ್ತೆ ಮತ್ತೆ: ಮನೆಮಂದಿಯ ಫೋಟೋ ತೆಗೆಯುವವರಿಗೆ

ಒಂದು ಜೂನ್ ತಿಂಗಳು. ಮಳೆ ಶುರುವಾಗಿತ್ತು. ಪರಿಚಯವಿಲ್ಲದ ಒಬ್ಬರು ಫೋನ್ ಮಾಡಿದರು. "ಅಮ್ಮ ಹೋಗ್ಬಿಟ್ರು ಸರ್. ಹನ್ನೊಂದನೇ ದಿನಕ್ಕೆ ಒಂದು ಫೋಟೋ ಬೇಕಿತ್ತು. ನನ್ನ ಹತ್ರ ಒಂದಿದೆ, ದೊಡ್ಡದು ಮಾಡ್ಕೊಡ್ತೀರಾ?"

ಅವರು ಕಳಿಸಿದ್ದು ಯಾವುದೋ ಮದುವೆಯ ಗ್ರೂಪ್ ಫೋಟೋ. ಹದಿನಾಲ್ಕು ಜನ ಇದ್ದಾರೆ. ಅಮ್ಮ ಹಿಂದಿನ ಸಾಲಿನ ತುದಿಯಲ್ಲಿ ನಿಂತಿದ್ದಾರೆ. ಅರ್ಧ ಮುಖ ಇನ್ನೊಬ್ಬರ ಭುಜದ ಹಿಂದೆ, ನೋಟ ಬೇರೆಲ್ಲೋ. ಉಗುರಿನಷ್ಟು ಇದ್ದ ಆ ಮುಖವನ್ನು ಗೋಡೆಗೆ ಹಾಕುವಷ್ಟು ಹಿಗ್ಗಿಸಬೇಕಿತ್ತು. ಎರಡು ರಾತ್ರಿ ಕೂತು ಕೈಲಾದಷ್ಟು ಸರಿ ಮಾಡಿದೆ. ಆದರೂ ಅದು ಅವರ ಅಮ್ಮನ ಮುಖ ಆಗಲಿಲ್ಲ, ಅಮ್ಮನ ನೆರಳಾಯಿತು.

ಆ ಮನೆಯಲ್ಲಿ ಮೂರು ಸ್ಮಾರ್ಟ್‌ಫೋನ್ ಇದ್ದವು. ಫೋಟೋಗಳು ಸಾವಿರಗಟ್ಟಲೆ. ಅಮ್ಮನದು ಮಾತ್ರ ಒಂದೂ ಸರಿಯಾಗಿ ಇರಲಿಲ್ಲ. ಫೋಟೋ ತೆಗೆಯುವ ಹೊತ್ತಿಗೆಲ್ಲಾ ಅವರು ಅಡುಗೆಮನೆಯಲ್ಲಿ ಇರುತ್ತಿದ್ದರಂತೆ.

ಇಂಥ ಫೋನ್ ಮೈಸೂರಿನ ನನ್ನ ಪುಟ್ಟ ಸ್ಟುಡಿಯೋಗೆ ವರ್ಷಕ್ಕೆ ಏಳೆಂಟಾದರೂ ಬರುತ್ತವೆ. ಹಾಗಾಗಿ ಈ ಬರಹ. ಮನೆಮಂದಿಯ ಫೋಟೋ ತೆಗೆಯುವುದನ್ನೇ ಕೆಲಸ ಮಾಡಿಕೊಳ್ಳಲು ಹೊರಟವರಿಗೂ ಇದು ಬೇಕಾಗಬಹುದು, ತಮ್ಮ ಮನೆಯವರ ಫೋಟೋ ಚೆನ್ನಾಗಿ ಬರಲಿ ಎನ್ನುವವರಿಗೂ ಬೇಕಾಗಬಹುದು. "ದಿನಾ ಅದೇ ಅಪ್ಪ, ಅಮ್ಮ, ಮಕ್ಕಳು. ಬೇಜಾರಾಗಲ್ವಾ? ಹೊಸ ಐಡಿಯಾ ಎಲ್ಲಿಂದ ತರ್ತೀರ?" ಅಂತ ತುಂಬಾ ಜನ ಕೇಳುತ್ತಾರೆ. ಹೊರಗಿನಿಂದ ಏನನ್ನೂ ತರುವುದಿಲ್ಲ. ಅದೇ ಮನೆಗೆ, ಅದೇ ಕಿಟಕಿಗೆ, ಅದೇ ಮುಖಗಳಿಗೆ ಮತ್ತೆ ಮತ್ತೆ ಹೋಗುತ್ತೇನೆ. ಹೋಗುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಒಂದು ಕಿಟಕಿ ಆರಿಸಿಕೊಳ್ಳಿ

ಕ್ಯಾಮೆರಾ ಕೊಳ್ಳುವ ಮಾತು ಆಮೇಲೆ. ನಿಮ್ಮ ಮನೆಯಲ್ಲೇ ಒಂದು ಕಿಟಕಿ ಆರಿಸಿಕೊಳ್ಳಿ. ಒಂದು ವಾರ ಅದನ್ನು ನೋಡಿ. ಬೆಳಗ್ಗೆ ಏಳಕ್ಕೆ, ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ಅಲ್ಲಿ ಬೆಳಕು ಹೇಗಿದೆ, ಎಲ್ಲಿ ಬೀಳುತ್ತದೆ, ಯಾವ ಬಣ್ಣ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾನು ಶುರುವಿನಲ್ಲಿ ಬರೆದ ಅಂಥ ನೋಟ್‌ಬುಕ್ಕು ಈಗಲೂ ನನ್ನ ಹತ್ತಿರ ಇದೆ. "ಪೂರ್ವದ ಕಿಟಕಿ, 8.10, ಗ್ರಿಲ್ ನೆರಳು ಮುಖದ ಮೇಲೆ, ಬೇಡ. 9.30, ನೆರಳು ನೆಲಕ್ಕೆ ಇಳಿಯಿತು, ಈಗ ಸರಿ." ಇಷ್ಟೇ ಬರೆಯುತ್ತಿದ್ದೆ. ಈಗ ಯಾರ ಮನೆಗೆ ಹೋದರೂ ಹೊಸಲು ದಾಟುವಾಗಲೇ ಎಲ್ಲಿ ಕೂರಿಸಬೇಕು ಅಂತ ಕಾಣುತ್ತದೆ. ಆ ಕಣ್ಣು ಕೊಟ್ಟಿದ್ದು ಆ ನೋಟ್‌ಬುಕ್ಕೇ.

ವಾರ ಆದ ಮೇಲೆ ಯಾರನ್ನಾದರೂ ಕಿಟಕಿಯಿಂದ ಒಂದೆರಡು ಮೊಳ ದೂರದಲ್ಲಿ ಕೂರಿಸಿ. ಎದುರು ಅಲ್ಲ, ಒಂದು ಕೆನ್ನೆ ಕಿಟಕಿಯ ಕಡೆ ಇರುವ ಹಾಗೆ. ಅವರ ಕಣ್ಣಲ್ಲಿ ಕಿಟಕಿಯ ಪುಟ್ಟ ಚೌಕ ಹೊಳೆಯಬೇಕು. ಆ ಚೌಕ ಕಾಣದಿದ್ದರೆ ಮುಖವನ್ನು ಸ್ವಲ್ಪ ಬೆಳಕಿನ ಕಡೆ ತಿರುಗಿಸಲು ಹೇಳಿ. ಬಿಸಿಲು ನೇರ ಬೀಳುತ್ತಿದ್ದರೆ ಒಂದು ಹಳೇ ಬಿಳಿ ಪಂಚೆಯನ್ನು ಕಿಟಕಿಗೆ ಕಟ್ಟಿ. ತೊಳೆದು ತೊಳೆದು ತೆಳ್ಳಗಾದ ಪಂಚೆಯಷ್ಟು ಮೆತ್ತಗೆ ಬೆಳಕನ್ನು ಸೋಸುವ ಸಾಮಾನು ನನಗಿನ್ನೂ ಸಿಕ್ಕಿಲ್ಲ. ಇನ್ನೊಂದು ಕೆನ್ನೆ ಜಾಸ್ತಿ ಕತ್ತಲಾದರೆ ಆ ಕಡೆ ಒಂದು ಥರ್ಮಕೋಲ್ ಹಲಗೆ ಹಿಡಿಸಿ, ಸಾಕು.

ಟ್ಯೂಬ್‌ಲೈಟ್ ಆರಿಸಿಬಿಡಿ. ಇದನ್ನು ಯಾರೂ ಮಾಡುವುದಿಲ್ಲ. ಫೋಟೋ ಅಂದ ತಕ್ಷಣ ಮನೆಯವರು ಓಡಿ ಬಂದು ಎಲ್ಲಾ ಲೈಟ್ ಹಾಕುತ್ತಾರೆ. ಕಿಟಕಿಯ ಬೆಳಕಿನ ಬಣ್ಣ ಬೇರೆ, ಟ್ಯೂಬಿನದು ಬೇರೆ, ಬಲ್ಬಿನದು ಇನ್ನೂ ಬೇರೆ. ಮೂರೂ ಸೇರಿದರೆ ಚರ್ಮದ ಬಣ್ಣ ಕೆಡುತ್ತದೆ. ರಾತ್ರಿಯಾಗಿದ್ದು ಟ್ಯೂಬ್‌ಲೈಟ್ ಬಿಟ್ಟರೆ ಗತಿಯಿಲ್ಲ ಅಂದರೆ ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ಇಡಿ. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್. ಹಳೇ ಟ್ಯೂಬ್‌ಲೈಟೂ ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾಗೆ ತಿಳಿಯುತ್ತದೆ. ವೇಗ ಜಾಸ್ತಿ ಇಟ್ಟರೆ ಫೋಟೋ ಮೇಲೆ ಅಡ್ಡಡ್ಡ ಪಟ್ಟಿ ಬರುವುದು ಇದಕ್ಕೇ.

ಗೋಡೆಯನ್ನೂ ನೋಡಿ. ಗಿಳಿ ಹಸಿರು ಬಣ್ಣದ ಗೋಡೆಯ ಪಕ್ಕ ಕೂರಿಸಿದರೆ ಕೆನ್ನೆಗೂ ಹಸಿರು ಅಂಟುತ್ತದೆ. ಹಳೇ ಮನೆಗಳ ಕೆಂಪು ನೆಲ ಮಾತ್ರ ನನಗೆ ತುಂಬಾ ಇಷ್ಟ. ಕಿಟಕಿಯ ಬೆಳಕು ಆ ನೆಲಕ್ಕೆ ಬಿದ್ದು ಮೇಲೆದ್ದಾಗ ಗಲ್ಲದ ಕೆಳಗೆ ಒಂದು ಬೆಚ್ಚನೆಯ ಬಣ್ಣ ಬರುತ್ತದೆ. ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತವರ ಫೋಟೋ ಅಲ್ಲಿ ಎಷ್ಟು ಚೆನ್ನಾಗಿ ಬರುತ್ತದೆ ಅಂತ ತೆಗೆದೇ ನೋಡಬೇಕು.

ಕ್ಯಾಮೆರಾ ಚೀಲದಲ್ಲೇ ಇರಲಿ, ಕಾಫಿ ಕುಡಿಯಿರಿ

ಬೇರೆಯವರ ಮನೆಗೆ ಹೋದಾಗ ಮೊದಲ ಅರ್ಧ ಗಂಟೆ ನಾನು ಕ್ಯಾಮೆರಾ ತೆಗೆಯುವುದಿಲ್ಲ. ಕೊಟ್ಟ ಕಾಫಿ ಕುಡಿದು ಸುಮ್ನೆ ಕೂತಿರುತ್ತೇನೆ. ಯಾರ ಕೈ ಏನು ಮಾಡುತ್ತಿದೆ ಅಂತ ನೋಡುತ್ತೇನೆ. ಮುಖ ಅತಿಥಿಯ ಮುಂದೆ ಬಿಗಿಯಾಗುತ್ತದೆ, ಕೈಗಳು ಬಿಗಿಯಾಗುವುದಿಲ್ಲ. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿರುತ್ತಾರೆ. ಅಪ್ಪ ಮಾತಾಡುತ್ತಾ ಮಗಳ ಬ್ಯಾಗಿನ ಜಿಪ್ ಸರಿ ಮಾಡುತ್ತಿರುತ್ತಾರೆ. ಅವರನ್ನು ಅವರಾಗಿ ತೋರಿಸುವ ಫೋಟೋ ಅಲ್ಲೇ ಇರುತ್ತದೆ.

ಆಮೇಲೆ ಅವರಿಗೆ ಒಂದು ಕೆಲಸ ಕೊಡಿ. ಹೂ ಕಟ್ಟುವುದು, ಅಕ್ಕಿ ಆರಿಸುವುದು, ಮೊಮ್ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕುವುದು, ಏನಾದರೂ ಸರಿ. ಕೈಗೆ ಕೆಲಸ ಸಿಕ್ಕ ತಕ್ಷಣ ಮುಖ ತನ್ನಷ್ಟಕ್ಕೆ ತಾನು ಸಡಿಲವಾಗುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿ ಅವರೆಕಾಯಿ ಕಾಲ. ಮಧ್ಯಾಹ್ನ ಊಟ ಆದ ಮೇಲೆ ಪೇಪರ್ ಹಾಸಿ, ರಾಶಿ ಸುರಿದು, ಮನೆಯವರೆಲ್ಲಾ ಸುತ್ತ ಕೂತು ಸುಲಿಯುತ್ತಾರೆ. ನೆನೆಸಿಟ್ಟ ಕಾಳು ಹಿದುಕುವಾಗಂತೂ ಮೂರು ತಲೆಮಾರೂ ಒಂದೇ ಬೋಗುಣಿಗೆ ಕೈ ಹಾಕಿರುತ್ತದೆ. ಯಾರೂ ಪೋಸ್ ಕೊಡುತ್ತಿರುವುದಿಲ್ಲ, ಎಲ್ಲರೂ ಹತ್ತಿರ ಹತ್ತಿರ ಕೂತಿರುತ್ತಾರೆ, ತಲೆ ಬಗ್ಗಿಸಿ ಹಳೇ ಸುದ್ದಿ ಮಾತಾಡುತ್ತಿರುತ್ತಾರೆ. ನಾನು ತೆಗೆದ ಒಳ್ಳೆಯ ಗ್ರೂಪ್ ಫೋಟೋಗಳಲ್ಲಿ ಸುಮಾರು ಈ ಎರಡು ತಿಂಗಳವೇ.

ಅಜ್ಜಿಯರು ಒಂದು ಮಾತು ಹೇಳೇ ಹೇಳುತ್ತಾರೆ. "ಇರಪ್ಪಾ, ಸೀರೆ ಬದಲಾಯಿಸಿಕೊಂಡು ಬರ್ತೀನಿ. ಈ ಅವತಾರದಲ್ಲಿ ಏನು ಫೋಟೋ." ಬೇಡ ಅನ್ನಬೇಡಿ. ಅವರು ಹೇಗೆ ಕಾಣಬೇಕು ಅಂತ ಹೇಳುವ ಹಕ್ಕು ಅವರದು. ರೇಷ್ಮೆ ಸೀರೆ ಉಟ್ಟು, ಎದುರು ನೋಡಿ, ಗಂಭೀರವಾಗಿ ಕೂತ ಫೋಟೋ ತೆಗೆಯಿರಿ, ಮನಸ್ಸಿಟ್ಟು ತೆಗೆಯಿರಿ. ಅವರು ಒಪ್ಪಿದರೆ ಹತ್ತಿ ಸೀರೆಯಲ್ಲಿ ಹೂ ಕಟ್ಟುತ್ತಾ ಕೂತಿದ್ದನ್ನೂ ತೆಗೆಯಿರಿ. ಎರಡೂ ಬೇಕು. "ನಗಿ, ನಗಿ" ಅಂತ ಹಿರಿಯರನ್ನು ಪೀಡಿಸುವುದು ನನಗೆ ಸರಿ ಕಾಣುವುದಿಲ್ಲ. ಅವರ ಕಾಲದಲ್ಲಿ ಫೋಟೋ ಅಂದರೆ ನೆಟ್ಟಗೆ ಕೂತು ಗೌರವದಿಂದ ಎದುರಿಸುವ ವಿಷಯ. ಆ ಗಾಂಭೀರ್ಯವೂ ಅವರದೇ ಮುಖ ಅಲ್ವಾ?

ಕ್ಯಾಮೆರಾ ವಿಷಯ, ಬೇಕಾದಷ್ಟು

ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಓಡುವ ಮಕ್ಕಳಿಗೆ ಶಟರ್ 1/250 ಅಥವಾ ಅದಕ್ಕಿಂತ ವೇಗ. ಕೂತ ದೊಡ್ಡವರಿಗೆ 1/125 ಸಾಕು. ಒಬ್ಬರೇ ಇದ್ದರೆ ಅಪರ್ಚರನ್ನು, ಅಂದರೆ ಲೆನ್ಸಿನ ಕಿಂಡಿಯನ್ನು, ಎಫ್ 2ರ ಹತ್ತಿರ ತೆರೆಯಬಹುದು. ಎರಡು ಸಾಲಿನಲ್ಲಿ ಜನ ಇದ್ದರೆ ಕಿಂಡಿಯನ್ನು ಎಫ್ 5.6ಕ್ಕೆ ಕಿರಿದು ಮಾಡಿ, ಇಲ್ಲದಿದ್ದರೆ ಹಿಂದಿನ ಸಾಲು ಮಸುಕಾಗುತ್ತದೆ. ಬೆಳಕು ಸಾಲದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಲು ಹೆದರಬೇಡಿ. ಕಾಳು ಕಾಳು ಬಂದ ಫೋಟೋವನ್ನು ಜನ ಇಷ್ಟಪಡುತ್ತಾರೆ, ಅಲುಗಿದ ಮುಖವನ್ನು ಇಷ್ಟಪಡುವುದಿಲ್ಲ. ಲೆನ್ಸ್ ಒಂದೇ ಕೊಳ್ಳುವುದಾದರೆ 35 ಎಂಎಂ ಅಥವಾ 50 ಎಂಎಂ ಕೊಳ್ಳಿ.

ಫೋನಿನಲ್ಲಿ ತೆಗೆಯುವವರು ಮೊದಲು ಲೆನ್ಸ್ ಒರೆಸಿ. ಅರ್ಧದಷ್ಟು ಮಬ್ಬು ಅಲ್ಲೇ ಹೋಗುತ್ತದೆ. 0.5 ಅಂತ ತೋರಿಸುವ ಅಗಲದ ಲೆನ್ಸಿನಲ್ಲಿ ಜನರನ್ನು ತೆಗೆಯಬೇಡಿ, ತುದಿಯಲ್ಲಿ ನಿಂತವರ ಮುಖ ಎಳೆದಂತಾಗುತ್ತದೆ. ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಎಷ್ಟೋ ಸಲ ಮುಡಿದ ಮಲ್ಲಿಗೆಯ ಅಂಚನ್ನೇ ಮಸುಕು ಮಾಡಿಬಿಡುತ್ತದೆ, ಗಮನಿಸಿ. ಮಕ್ಕಳ ಫೋಟೋ ತೆಗೆಯುವಾಗ ಕುಕ್ಕರುಗಾಲಲ್ಲಿ ಕೂತು ಅವರ ಕಣ್ಣಿನ ಎತ್ತರಕ್ಕೆ ಬನ್ನಿ. ಮೇಲಿನಿಂದ ನೋಡಿದರೆ ಬರೀ ನೆತ್ತಿ ಕಾಣುತ್ತದೆ.

ಎಲ್ಲರೂ ಒಟ್ಟಿಗೆ ನಿಂತಾಗ

ಮೊದಲು ಹಿರಿಯರಿಗೆ ಕುರ್ಚಿ ಹಾಕಿ ಕೂರಿಸಿ, ಉಳಿದವರು ಅವರ ಸುತ್ತ ಬರಲಿ. ಸಾಲು ನೆಟ್ಟಗೆ ಇರಬೇಕಾಗಿಲ್ಲ. ಮಗು ಯಾರ ತೊಡೆ ಹತ್ತುತ್ತದೋ ಅಲ್ಲೇ ಇರಲಿ. ಕಣ್ಣು ಮುಚ್ಚುವವರು ಒಬ್ಬರಾದರೂ ಇರುತ್ತಾರೆ, ಹಾಗಾಗಿ ಹತ್ತು ಜನ ಇದ್ದರೆ ಹತ್ತು ಫೋಟೋಗಿಂತ ಕಡಿಮೆ ತೆಗೆಯಬೇಡಿ.

ಆಮೇಲೆ "ಆಯ್ತು, ಮುಗೀತು" ಅನ್ನಿ. ಅಂದ ಮೇಲೂ ತೆಗೆಯುತ್ತಾ ಇರಿ. ಉಸಿರು ಬಿಟ್ಟು, ಒಬ್ಬರನ್ನೊಬ್ಬರು ನೋಡಿ, ಯಾರೋ ಏನೋ ಅಂದು ಎಲ್ಲರೂ ನಗುವ ಆ ಹತ್ತು ಸೆಕೆಂಡು ಇದೆಯಲ್ಲ, ನಾನು ಕಾಯುವುದು ಅದಕ್ಕೆ.

ಶುರುವಿನಲ್ಲಿ ಹೇಳಿದ ಅಮ್ಮನನ್ನು ನೆನಪಿಡಿ. ಪ್ರತಿ ಮನೆಯಲ್ಲೂ ಫೋಟೋಗೆ ಸಿಗದ ಒಬ್ಬರು ಇರುತ್ತಾರೆ. ಒಲೆಯ ಮುಂದೆ ಇರುವವರು, "ನಾನ್ಯಾಕೆ, ನೀವು ನಿಂತ್ಕೊಳಿ" ಅನ್ನುವವರು. ಗ್ರೂಪ್ ಫೋಟೋಗೆ ಮುಂಚೆ ಜನ ಎಣಿಸಿ. ಅವರು ಬರುವ ತನಕ ತೆಗೆಯಬೇಡಿ. ಆಮೇಲೆ ಅವರೊಬ್ಬರದೇ ಒಂದು ಫೋಟೋ ತೆಗೆಯಿರಿ, ಅವರ ಜಾಗದಲ್ಲೇ, ಅವರು ಬಾ ಅಂದರೆ ಅಡುಗೆಮನೆಯಲ್ಲೇ. ಮನೆಯ ಫೋಟೋ ಯಾವಾಗಲೂ ನೀವೇ ತೆಗೆಯುವುದಾದರೆ ಫೋಟೋಗೆ ಸಿಗದವರು ನೀವೂ ಆಗುತ್ತೀರಿ. ಡಬ್ಬದ ಮೇಲೆ ಫೋನ್ ಒರಗಿಸಿ, 10 ಸೆಕೆಂಡಿನ ಟೈಮರ್ ಹಾಕಿ, ಹೋಗಿ ನಿಂತುಕೊಳ್ಳಿ.

ಕಣ್ಣಿಗೆ ಊಟ

ಇನ್ನು ಸ್ಫೂರ್ತಿಯ ವಿಷಯ. ದಿನಕ್ಕೆ ಸಾವಿರ ಫೋಟೋ ಫೋನಿನಲ್ಲಿ ಬೆರಳಿನಿಂದ ತಳ್ಳುತ್ತಾ ನೋಡಿದರೆ ಏನೂ ಉಳಿಯುವುದಿಲ್ಲ. ವಾರಕ್ಕೆ ಒಂದು ಫೋಟೋ ಆರಿಸಿಕೊಂಡು ಹತ್ತು ನಿಮಿಷ ನೋಡಿ. ಬೆಳಕು ಯಾವ ಕಡೆಯಿಂದ ಬಂದಿದೆ? ತೆಗೆದವರು ಎಲ್ಲಿ ನಿಂತಿದ್ದರು? ಕೈಯಿಂದ ಒಂದು ಭಾಗ ಮುಚ್ಚಿ ನೋಡಿ, ಏನು ಕಳೆದುಹೋಯಿತು? ಆಮೇಲೆ ಅದೇ ಬೆಳಕಿನಲ್ಲಿ ನಿಮ್ಮ ಮನೆಯವರೊಬ್ಬರ ಫೋಟೋ ತೆಗೆಯಲು ಪ್ರಯತ್ನಿಸಿ.

ನಾನು ಮತ್ತೆ ಮತ್ತೆ ನೋಡುವುದು ಮೂವರ ಫೋಟೋಗಳನ್ನು. ಮೊದಲು ನಮ್ಮೂರಿನವರೇ ಆದ ಟಿ. ಎಸ್. ಸತ್ಯನ್. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, 2009ರಲ್ಲಿ ತೀರಿಕೊಂಡರು. ದೊಡ್ಡ ದೊಡ್ಡ ಪತ್ರಿಕೆಗಳಿಗೆ ಕೆಲಸ ಮಾಡಿದರೂ ಅವರ ಕಣ್ಣು ಸಾಮಾನ್ಯ ಜನರ ಮೇಲೆ, ಅದರಲ್ಲೂ ಮಕ್ಕಳ ಮೇಲೆ. 1979, ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರು ತೆಗೆದ ಮಕ್ಕಳ ಫೋಟೋಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಕಪ್ಪು ಬಿಳುಪು ಫೋಟೋಗಳಲ್ಲಿ ಮಕ್ಕಳು ಕ್ಯಾಮೆರಾಗಾಗಿ ಏನೂ ಮಾಡುವುದಿಲ್ಲ, ತಮ್ಮ ಆಟದಲ್ಲಿ ತಾವಿರುತ್ತಾರೆ. ಅಷ್ಟು ಹತ್ತಿರ ಹೋಗಿಯೂ ಆಟ ಕೆಡಿಸದೆ ಇರಬೇಕಾದರೆ ಎಷ್ಟು ಹೊತ್ತು ಕಾದಿರಬೇಕು ಅಂತ ಯೋಚಿಸುತ್ತೇನೆ.

ಎರಡನೆಯವರು ಜೂಲಿಯಾ ಮಾರ್ಗರೆಟ್ ಕ್ಯಾಮರೂನ್. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು. 48ನೇ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿ ಇದ್ದಾಗ, ಮಗಳೂ ಅಳಿಯನೂ ಅವರಿಗೊಂದು ಕ್ಯಾಮೆರಾ ತಂದುಕೊಟ್ಟರು. ಕಲ್ಲಿದ್ದಲು ಇಡುವ ಕೋಣೆಯನ್ನು ಅವರು ಡಾರ್ಕ್‌ರೂಮ್ ಮಾಡಿಕೊಂಡರು, ಕೋಳಿಗೂಡಿನ ಮನೆಯನ್ನು ಸ್ಟುಡಿಯೋ ಮಾಡಿಕೊಂಡರು. ನೆಂಟರು, ಮನೆಗೆಲಸದವರು, ಅಕ್ಕಪಕ್ಕದ ಮಕ್ಕಳು, ಎಲ್ಲರನ್ನೂ ಕೂರಿಸಿ ತೆಗೆದರು. ಫೋಕಸ್ ಸರಿಯಿಲ್ಲ ಅಂತ ಆ ಕಾಲದ ಫೋಟೋಗ್ರಾಫರುಗಳು ಟೀಕಿಸಿದರು. ಅವರು ತಮ್ಮ ದಾರಿ ಬಿಡಲಿಲ್ಲ. ಮಕ್ಕಳು ದೊಡ್ಡವರಾದ ಮೇಲೆ "ಇನ್ನೇನು ಕಲಿಯೋದು" ಅನ್ನುವ ಅಮ್ಮಂದಿರಿಗೆ ನಾನು ಇವರ ಕತೆ ಹೇಳುತ್ತೇನೆ.

ಮೂರನೆಯವರು ಅಮೆರಿಕದ ನಿಕೋಲಸ್ ನಿಕ್ಸನ್. ಹೆಂಡತಿಯನ್ನೂ ಅವರ ಮೂವರು ತಂಗಿಯರನ್ನೂ 1975ರಲ್ಲಿ ಒಟ್ಟಿಗೆ ನಿಲ್ಲಿಸಿ ಒಂದು ಫೋಟೋ ತೆಗೆದರು. ಆಮೇಲೆ ವರ್ಷವರ್ಷವೂ, ನಲವತ್ತಕ್ಕೂ ಹೆಚ್ಚು ವರ್ಷ, ಅದೇ ನಾಲ್ವರ ಫೋಟೋ. ನಿಲ್ಲುವ ಕ್ರಮವೂ ಅದೇ. ಒಂದೊಂದೇ ನೋಡಿದರೆ ಸರಳವಾದ ಫೋಟೋ. ಸಾಲಾಗಿ ನೋಡಿದರೆ ನಾಲ್ಕು ಜನರ ಬದುಕೇ ಕಣ್ಣ ಮುಂದೆ ಹಾದುಹೋಗುತ್ತದೆ.

ಇದನ್ನು ನೀವು ಈ ವರ್ಷವೇ ಶುರು ಮಾಡಬಹುದು. ಯುಗಾದಿಯೋ ದೀಪಾವಳಿಯೋ ಒಂದು ಹಬ್ಬ ಆರಿಸಿಕೊಳ್ಳಿ. ಅದೇ ಜಗಲಿ, ಅದೇ ಹೊತ್ತು, ಅದೇ ಕ್ರಮ. ಯಾರಾದರೂ ಇಲ್ಲವಾದರೆ ಅವರ ಜಾಗ ಖಾಲಿ ಬಿಡಿ. ಮದುವೆಯಾಗಿ ಬಂದವರಿಗೆ, ಹುಟ್ಟಿದವರಿಗೆ ಪಕ್ಕದಲ್ಲಿ ಜಾಗ ಮಾಡಿ.

ನಿಮ್ಮ ಮನೆಯ ಹಳೇ ಆಲ್ಬಮ್ ಅನ್ನೂ ಮರೆಯಬೇಡಿ. ಸ್ಟುಡಿಯೋದ ಬಣ್ಣ ಬಳಿದ ಪರದೆ, ಮುಂದೆ ಹೂದಾನಿ, ಕುರ್ಚಿಯ ಮೇಲೆ ಕೈಯಿಟ್ಟು ನಿಂತ ತಾತ. ಮುಖಕ್ಕೆ ಬೆಳಕು ಬಿಟ್ಟ ರೀತಿ ನೋಡಿ. ಹೆಸರು ಯಾರಿಗೂ ಗೊತ್ತಿಲ್ಲದ ಆ ಊರಿನ ಫೋಟೋಗ್ರಾಫರು ಬೆಳಕನ್ನು ಚೆನ್ನಾಗಿ ಅರಿತಿದ್ದರು.

ಕಣ್ಣು ಮಂಕಾದಾಗ

ಆಗೇ ಆಗುತ್ತದೆ. ನನಗೆ ಪ್ರತಿವರ್ಷ ಮದುವೆ, ಗೃಹಪ್ರವೇಶಗಳ ಸೀಸನ್ ಮುಗಿಯುವ ಹೊತ್ತಿಗೆ ಯಾವ ಮುಖವೂ ಹೊಸದಾಗಿ ಕಾಣುವುದಿಲ್ಲ. ಆಗ ನನಗೆ ನಾನೇ ಕಟ್ಟುಪಾಡು ಹಾಕಿಕೊಳ್ಳುತ್ತೇನೆ. ಒಂದು ತಿಂಗಳು ಒಂದೇ ಲೆನ್ಸ್. ಒಂದು ಭಾನುವಾರಕ್ಕೆ 36 ಫೋಟೋ ಮಾತ್ರ, ಹಿಂದೆ ಒಂದು ರೋಲ್ ಫಿಲ್ಮಿನಲ್ಲಿ ಬರುತ್ತಿದ್ದಷ್ಟು. ತೆಗೆದದ್ದನ್ನು ಅಳಿಸುವ ಹಾಗಿಲ್ಲ, ರಾತ್ರಿಯ ತನಕ ನೋಡುವ ಹಾಗೂ ಇಲ್ಲ. ಎಣಿಕೆ ಇದ್ದಾಗ ಒತ್ತುವ ಮುಂಚೆ ಕಣ್ಣು ಕೆಲಸ ಮಾಡುತ್ತದೆ. ಕೆಲವು ಸಲ ಅದೂ ಬೇಡ ಅನಿಸುತ್ತದೆ. ಆಗ ಬೆಳಗ್ಗೆ ದೇವರಾಜ ಮಾರ್ಕೆಟ್ಟಿಗೆ ಬರಿಗೈಯಲ್ಲಿ ಹೋಗಿ, ಹೂವಿನವರ ಸಾಲಿನಲ್ಲಿ ಒಂದು ಸುತ್ತು ಬಂದು, ಮನೆಗೆ ವಾಪಸ್.

ಇದನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಇನ್ನೊಂದು ಮಾತು. ತಿಂಗಳಿಗೆ ಒಂದು ಭಾನುವಾರವನ್ನು ಯಾರಿಗೂ ಕೊಡಬೇಡಿ. ಆ ದಿನ ನಿಮ್ಮ ಮನೆಯವರ ಫೋಟೋ ತೆಗೆಯಿರಿ, ಇಷ್ಟ ಬಂದ ಹಾಗೆ. ದುಡ್ಡಿಗಾಗಿ ಎಲ್ಲಾ ದಿನ ಒಪ್ಪಿಕೊಂಡ ವರ್ಷ ನನ್ನ ಕೆಲಸ ಎಷ್ಟು ಒಣಗಿತ್ತು ಅಂತ ಆ ವರ್ಷದ ಫೋಟೋಗಳೇ ಹೇಳುತ್ತವೆ. ಮತ್ತೆ, ಬೇರೆಯವರ ಮಕ್ಕಳ ಫೋಟೋವನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಎಲ್ಲೂ ಹಾಕಬೇಡಿ. ಹತ್ತು ವರ್ಷ ದಾಟಿದ ಮಗುವಾದರೆ ಮಗುವನ್ನೂ ಕೇಳಿ.

ಆರಿಸಿ, ಅಚ್ಚು ಹಾಕಿಸಿ, ಕಾಪಾಡಿ

ತೆಗೆದ ರಾತ್ರಿಯೇ ಆರಿಸಬೇಡಿ, ಎರಡು ದಿನ ಬಿಡಿ. 400 ತೆಗೆದಿದ್ದರೆ 40 ಉಳಿಸಿ. ಸ್ವಲ್ಪ ಅಲುಗಿದ್ದರೂ ಜೀವ ಇರುವುದನ್ನು ಉಳಿಸಿಕೊಳ್ಳಿ.

ನನ್ನ ಅಕ್ಕನ ಮಗನ ಮೊದಲ ವರ್ಷದ ಫೋಟೋಗಳೆಲ್ಲ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಇದ್ದವು. ಒಂದು ದಿನ ಅದು ಟಿಕ್ ಟಿಕ್ ಅಂದು ನಿಂತುಹೋಯಿತು. ಉಳಿದದ್ದು ಅಕ್ಕ ಹಟ ಮಾಡಿ ಪ್ರಿಂಟ್ ಹಾಕಿಸಿಕೊಂಡ ಹನ್ನೊಂದು ಫೋಟೋ. ಅವತ್ತಿನಿಂದ ಎಲ್ಲಕ್ಕೂ ಮೂರು ಪ್ರತಿ ಮಾಡುತ್ತೇನೆ. ಎರಡು ನನ್ನಲ್ಲಿ, ಒಂದು ಬೇರೆ ಮನೆಯಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಫೋಟೋವನ್ನು ಕುಗ್ಗಿಸಿಬಿಡುತ್ತದೆ. 12×18 ಇಂಚಿನ ಪ್ರಿಂಟಿಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬೇಕೆಂದರೆ ಸುಮಾರು 19 ಮೆಗಾಪಿಕ್ಸೆಲ್ ಇರಬೇಕು. ಗೋಡೆಗೆ ಹಾಕಿ ದೂರದಿಂದ ನೋಡುವುದಾದರೆ 9 ಇದ್ದರೂ ನಡೆಯುತ್ತದೆ.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ. ಪ್ರಿಂಟುಗಳನ್ನು ಅಂಟು ಹಾಳೆಯ ಆಲ್ಬಮ್‌ಗೆ ಹಾಕಬೇಡಿ, ವರ್ಷಗಳು ಕಳೆದಂತೆ ಹಳದಿಯಾಗುತ್ತವೆ, ಕೀಳಲೂ ಬರುವುದಿಲ್ಲ. ನಾಲ್ಕು ಮೂಲೆಗೆ ಕಾರ್ನರ್ ಸಿಗಿಸುವ ಹಳೇ ತರಹದ ಆಲ್ಬಮ್ ಒಳ್ಳೆಯದು. ಪ್ರಿಂಟಿನ ಹಿಂದೆ ಬಾಲ್ ಪೆನ್ ಒತ್ತಿ ಬರೆದರೆ ಮುಂದೆ ಗೆರೆ ಏಳುತ್ತದೆ, ಅದಕ್ಕೆ ಆಲ್ಬಮ್ ಹಾಳೆಯ ಮೇಲೆ ಪಕ್ಕದಲ್ಲೇ ಬರೆಯಿರಿ. ಎಡದಿಂದ ಬಲಕ್ಕೆ ಹೆಸರು, ಊರು, ದಿನ. ಹಳೇ ಫೋಟೋಗಳಿಗೂ ಬರೆಯಿರಿ, ಗುರುತು ಹೇಳುವ ಹಿರಿಯರು ಪಕ್ಕದಲ್ಲಿ ಇರುವಾಗಲೇ.

ಜೂನ್‌ನಲ್ಲಿ ಫೋನ್ ಮಾಡಿದವರು ಆ ವರ್ಷದ ಕೊನೆಗೆ ಮತ್ತೆ ಬಂದರು. "ಅಪ್ಪಂದು ತೆಗೀಬೇಕು ಸರ್." ಅವರ ಮನೆಗೆ ಹೋದೆ. ಅವರೆಕಾಯಿ ಕಾಲ. ಅಪ್ಪ ಪೂರ್ವದ ಕಿಟಕಿಯ ಕೆಳಗೆ ಮೊರ ಇಟ್ಟುಕೊಂಡು ಒಬ್ಬರೇ ಸುಲಿಯುತ್ತಾ ಕೂತಿದ್ದರು. ಕಾಫಿ ಕುಡಿದೆ, ನೋಡುತ್ತಾ ಕೂತೆ, ಆಮೇಲೆ ತೆಗೆದೆ. ಒಂದು ವಾರ ಬಿಟ್ಟು ಪ್ರಿಂಟ್ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಟ್ಟೆ. ಅವರು ತಮ್ಮ ಮುಖ ನೋಡಲೇ ಇಲ್ಲ. ಬೆರಳಿಟ್ಟು ಮಗನಿಗೆ ತೋರಿಸಿದರು. "ಈ ಮೊರ ನಿಮ್ಮಮ್ಮ ತವರಿಂದ ತಂದಿದ್ದು ಕಣೋ." ಮಗನಿಗೆ ಅದು ಗೊತ್ತಿರಲಿಲ್ಲ. ಆಲ್ಬಮ್ ಹಾಳೆಯ ಮೇಲೆ ಅಪ್ಪನ ಹೆಸರಿನ ಕೆಳಗೆ ಅದನ್ನೂ ಬರೆಸಿದೆ.